ಕೊಟ್ಟಿಗೆಯಲ್ಲಿದ್ದ ಅಂಬಾಸಿಡರ್



ಕಳೆದ ವರ್ಷ ಕಬ್ಬಿನ ಹಂಗಾಮು ಮುಗಿಯುತ್ತಿದ್ದ ದಿನಗಳಲ್ಲಿ ಹತ್ತರಗಿಯಿಂದ ನನಗೊಂದು ಕರೆ ಬಂದಿತು. ಮಾತನಾಡಿದವರು ಬಾಲ್ಯದಿಂದ ನನಗೆ ಪರಿಚಯವಿರುವ ಒಂದು ರೈತ ಕುಟುಂಬದ ಹಿರಿಯ ಮಗ. “ಫಾದರ್, ಅಪ್ಪನ ಗಾಡಿದು ಏನರ ಒಂದು ನಿರ್ಣಯ ಆಗಬೇಕಾಗೇತ್ರಿ. ನೀವು ಬಂದು ನೋಡಿ ಹೇಳ್ರಿ. ನೀವು ಹೇಳಿದ್ದಕ್ಕ ಮನಿಯವರೆಲ್ಲಾ ಒಪ್ಪತೀವಿ” ಎಂದರು.

ಆ ಗಾಡಿ 1968ರ ಅಂಬಾಸಿಡರ್. ಇಪ್ಪತ್ತೈದು ವರ್ಷಗಳಿಂದ ಅವರ ದನದ ಕೊಟ್ಟಿಗೆಯ ಮೂಲೆಯೊಂದರಲ್ಲಿ ನಿಂತೇ ಇತ್ತು. ಹಿರಿಯ ಮಗನಿಗೆ ಕೊಟ್ಟಿಗೆಯ ಜಾಗ ಬೇಕಾಗಿತ್ತು. ಹೆದ್ದಾರಿಯ ಬದಿಯ ಗುಜರಿ ವ್ಯಾಪಾರಿಯೊಬ್ಬ ತೂಕದ ಲೆಕ್ಕದಲ್ಲಿ ಒಯ್ಯಲು ಸಿದ್ಧನಿದ್ದ. ಪುಣೆಯಲ್ಲಿ ನೌಕರಿ ಮಾಡುವ ಕಿರಿಯ ಮಗ, ಮದುವೆಗಳಲ್ಲಿ ಹೂವಿನಿಂದ ಸಿಂಗರಿಸಿ ಮೆರೆಸುವ ಹಳೆಯ ಕಾರುಗಳನ್ನು ಕಂಡು ಬಂದವನು. ದುರಸ್ತಿ ಮಾಡಿಸಿದರೆ ಒಳ್ಳೆಯ ಬಾಡಿಗೆ ಬರುತ್ತದೆ ಎಂಬುದು ಅವನ ಲೆಕ್ಕ. ಎಂಬತ್ತೈದು ದಾಟಿದ ತಂದೆ ಮಾತ್ರ ಯಾರ ಪರವಾಗಿಯೂ ಬಾಯಿ ತೆರೆದಿರಲಿಲ್ಲ.

ನನ್ನನ್ನೇ ಏಕೆ ಕರೆದರು ಎಂದು ನೀವು ಕೇಳಬಹುದು. ಗುರುದೀಕ್ಷೆ ಪಡೆದ ಹೊಸತರಲ್ಲಿ ನನಗೆ ವಹಿಸಲಾದ ಧರ್ಮಕೇಂದ್ರದಲ್ಲಿ ಒಂದು ಮುದಿ ಅಂಬಾಸಿಡರ್ ಇತ್ತು. ಆರು ವರ್ಷ ಅದನ್ನು ನಡೆಸಿದೆ. ನಿಜ ಹೇಳಬೇಕೆಂದರೆ, ನಡೆಸಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಹೆಚ್ಚು. ಬಿಳಿ ನಿಲುವಂಗಿಗೆ ಗ್ರೀಸಿನ ಕಲೆ ಮಾಡಿಕೊಂಡು ಬಲಿಪೂಜೆಗೆ ಓಡಿ ಬಂದ ಬೆಳಗುಗಳೂ ಇವೆ. ಈ ಸಂಗತಿ ಆ ಮನೆಯವರಿಗೆ ಗೊತ್ತಿತ್ತು. ಆದರೆ ಅವರು ಬಾಯಿಬಿಟ್ಟು ಹೇಳಿದ ಕಾರಣ ಬೇರೆ: “ನಿಮಗ ಇದರಾಗ ಪಾಲಿಲ್ಲ. ಇದ್ದದ್ದು ಇದ್ದಂಗ ಹೇಳತೀರಿ.”

ಆ ಮಾತು ಪೂರ್ತಿ ನಿಜವಲ್ಲವೆಂಬುದು ನನಗೆ ಆಗಲೇ ಗೊತ್ತಿತ್ತು. ಆದರೂ ಹೇಳಲಿಲ್ಲ.

ನನ್ನ ತಂದೆ ಗಾರೆ ಕೆಲಸದವರು. ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಆ ಕಡೆಗೆ ಬಂದವರು, 1977ರಲ್ಲಿ ಅಣೆಕಟ್ಟು ಮುಗಿದ ಮೇಲೂ ಅಲ್ಲಿಯೇ ಉಳಿದರು. 1979ರ ಆಷಾಢದ ಒಂದು ರಾತ್ರಿ ತಾಯಿಗೆ ಹೆರಿಗೆಯ ನೋವು ಕಾಣಿಸಿಕೊಂಡು, ಸೂಲಗಿತ್ತಿ ಕೈಚೆಲ್ಲಿದಾಗ, ತಂದೆ ಮಳೆಯಲ್ಲಿ ಯಾರದೋ ಸೈಕಲ್ ಏರಿ ಹತ್ತರಗಿಗೆ ಹೋಗಿ ಈ ಅಂಬಾಸಿಡರನ್ನು ಕರೆತಂದರು. ಆಗ ಸುತ್ತಿನ ಹಳ್ಳಿಗಳಿಗೆಲ್ಲ ಬಾಡಿಗೆಗೆ ಸಿಗುತ್ತಿದ್ದ ಕಾರು ಅದೊಂದೇ. ನಾನು ಮುಂದಿನ ಸೀಟಿನಲ್ಲಿ, ತಂದೆಗೂ ಚಾಲಕರಿಗೂ ನಡುವೆ ಕುಳಿತಿದ್ದೆ. ಆ ಕಾರಿನಲ್ಲಿ ಮುಂದಿನ ಆಸನವೂ ಬೆಂಚಿನಂತೆ ಅಖಂಡವಾಗಿರುತ್ತಿತ್ತು. ಗೇರಿನ ಕೋಲು ಸ್ಟೇರಿಂಗ್ ಚಕ್ರದ ಬುಡದಲ್ಲಿರುತ್ತಿತ್ತು. ವಂಟಮುರಿ ಘಾಟಿನ ಏರಿನಲ್ಲಿ ಮಳೆಯ ನೀರು ಗಾಜಿನ ಮೇಲೆ ಹರಿಯುತ್ತಿದ್ದುದು, ಹಿಂದಿನಿಂದ ತಾಯಿಯ ನರಳಾಟ, ಚಾಲಕರು ಒಂದು ಕೈಯಿಂದ ಒಳಗಾಜನ್ನು ಒರೆಸುತ್ತ “ಹೆದರಬ್ಯಾಡ ತಮ್ಮಾ, ಇದು ನಿಲ್ಲೂ ಗಾಡಿ ಅಲ್ಲ” ಎಂದದ್ದು, ಇಷ್ಟು ನನಗೆ ನೆನಪಿದೆ. ಬೆಳಗಾವಿಯ ಆಸ್ಪತ್ರೆಯನ್ನು ತಲುಪಿದೆವು. ಬೆಳಗಿನ ಜಾವ ನನ್ನ ತಂಗಿ ಹುಟ್ಟಿದಳು. ಬಾಡಿಗೆಯ ಹಣವನ್ನು ತಂದೆ ಮೂರು ಕಂತಿನಲ್ಲಿ ಕೊಟ್ಟರಂತೆ.

ಇಂಥ ಕಾರಿನ ವಿಷಯದಲ್ಲಿ ನಾನು ತೀರ್ಪು ಹೇಳಬೇಕಾಗಿತ್ತು.

ಸಂಕೇಶ್ವರದಿಂದ ವಯಸ್ಸಾದ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಶನಿವಾರ ಹೋದೆ. ಕೊಟ್ಟಿಗೆಯೊಳಗೆ ಮೊದಲು ಕಂಡದ್ದು ಕಾರಲ್ಲ, ಮೇವಿನ ರಾಶಿ. ಅದನ್ನು ಸರಿಸಿದ ಮೇಲೆ ದುಂಡನೆಯ ಬಾನೆಟ್ ಹೊರಬಂತು. ಟೈರುಗಳು ಸೀಳಿ ಸಗಣಿಯ ಕೆಸರಿನಲ್ಲಿ ಅರ್ಧ ಹೂತಿದ್ದವು. ಹಿಂದಿನ ಸೀಟಿನ ಹತ್ತಿಯಲ್ಲಿ ಕೋಳಿ ಮೊಟ್ಟೆಯಿಟ್ಟ ಗುರುತು. ಬಾನೆಟ್ ಎತ್ತಿದರೆ ಇಂಜಿನ್ನಿನ ಮೇಲೆ ಇಲಿಯ ಗೂಡು. ವೈರುಗಳ ಹೊದಿಕೆಯನ್ನೆಲ್ಲ ಅವು ತಿಂದು ಮುಗಿಸಿದ್ದವು. ರೇಡಿಯೇಟರಿನ ಕೆಳಗೆ ಕಂದು ಬಣ್ಣದ ಗೆರೆಗಳು. ಕಿರಿಯ ಮಗನ ಮುಖ ಸಣ್ಣದಾಯಿತು. “ಇಂಜಿನ್ ಹೋಗೇತ್ರಿ, ಮುಗೀತು” ಎಂದ.

ಓದುಗರೇ, ಹಳೆಯ ಕಾರನ್ನು ನೋಡಲು ಹೋದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಕಣ್ಣಿಗೆ ಅತ್ಯಂತ ಹೊಲಸಾಗಿ ಕಾಣುವುದೇ ಅತ್ಯಂತ ಕೆಟ್ಟದ್ದು ಎಂದು ತಿಳಿಯುತ್ತೇವೆ. ಇಂಜಿನ್ ಎಂಬುದು ದಪ್ಪ ಎರಕದ ಕಬ್ಬಿಣ. ಹೊರಗೆ ಎಷ್ಟೇ ತುಕ್ಕು ಹಿಡಿದರೂ ಒಳಗೆ ಎಣ್ಣೆಯ ಪಸೆ ಇರುವ ತನಕ ಅದಕ್ಕೆ ಜೀವವಿರುತ್ತದೆ. ಸಿಲಿಂಡರಿನಲ್ಲಿ ಪಿಸ್ಟನ್ ಕಚ್ಚಿಕೊಂಡಿದ್ದರೂ ಬಿಡಿಸಬಹುದು. ಸವೆದಿದ್ದರೆ ಬೆಳಗಾವಿಯ ಉದ್ಯಮಬಾಗದಲ್ಲಿಯೋ ಕೊಲ್ಹಾಪುರದ ಉದ್ಯಮನಗರದಲ್ಲಿಯೋ ಕೊರೆಸಿ ಸರಿಮಾಡುವ ಕಾರ್ಖಾನೆಗಳಿವೆ. ಅಂಬಾಸಿಡರಿಗೆ ಇನ್ನೊಂದು ಅನುಕೂಲವಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸತೊಡಗಿದ್ದು 1950ರ ದಶಕದ ಕೊನೆಯಲ್ಲಿ. ಕೊನೆಯದು ಹೊರಬಂದದ್ದು 2014ರಲ್ಲಿ. ಅರ್ಧ ಶತಮಾನಕ್ಕೂ ಮೀರಿ ಅದೇ ಆಕಾರ! ಆದ್ದರಿಂದ ಯಂತ್ರದ ಬಿಡಿಭಾಗಗಳು ಇಂದಿಗೂ ಹುಡುಕಿದರೆ ಸಿಗುತ್ತವೆ.

ಮಿಸ್ತ್ರಿ ಇಂಜಿನ್ನಿನ ಅಳತೆಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆಗೆ ನೀರು ಸೇರಿದ್ದರೆ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕಪ್ಪಾಗಿ, ಡಾಂಬರಿನಂತೆ ಗಟ್ಟಿಯಾಗಿದ್ದರೂ ನೀರಿನ ಸುಳಿವಿರಲಿಲ್ಲ. ಕಿರಿಯ ಮಗ ಆತುರದಿಂದ ಹ್ಯಾಂಡಲ್ ಹಾಕಿ ತಿರುಗಿಸಲು ಹೋದಾಗ ಅವರು ಗದರಿದರು. ಒಣಗಿದ ಉಂಗುರಗಳನ್ನು ಬಲವಂತದಿಂದ ಎಳೆದರೆ ಇದ್ದ ಸಿಲಿಂಡರೂ ಗೀರಿಹೋಗುತ್ತದೆ. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ರಂಧ್ರದೊಳಗೂ ಡೀಸೆಲ್ ಬೆರೆಸಿದ ಎಣ್ಣೆಯನ್ನು ಸುರಿದು, “ಹದಿನೈದು ದಿನ ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಬಾನೆಟ್ ಮುಚ್ಚಿದರು.

ಆಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. ಅದಕ್ಕೆ ಬೇಕಾದ ಸಲಕರಣೆಗಳು ಮೂರೇ: ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಗೋಣಿಚೀಲ ಹೊಲಿಯುವ ಒಂದು ದಬ್ಬಣ, ಒಂದು ಜಾಕ್.

ಹಳೆಯ ಜೀಪನ್ನು ನೀವು ನೋಡಿರುತ್ತೀರಿ. ಅದಕ್ಕೆ ಕೆಳಗೆ ಉಕ್ಕಿನ ಚೌಕಟ್ಟು ಬೇರೆ, ಮೇಲಿನ ಮೈ ಬೇರೆ. ಮೈ ಪೂರ್ತಿ ಕೊಳೆತುಹೋದರೂ ಎತ್ತಿ ಬಿಸಾಡಿ ಹೊಸದನ್ನು ಕೂರಿಸಬಹುದು. ಅಂಬಾಸಿಡರ್ ಹಾಗಲ್ಲ. ಅದರ ಮೈಯೇ ಅದರ ಎಲುಬು. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಪೆಟ್ಟಿಗೆಯಂಥ ಭಾಗ (ಕಾರಿನ ಹೊಸ್ತಿಲು ಎನ್ನೋಣ), ಹಿಂದಿನ ಪಾಟಾಗಳು ತೂಗುವ ಕೊಂಡಿಗಳ ಬುಡ, ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಇಡೀ ಭಾರವನ್ನು ಹೊರುತ್ತವೆ. ಮೇಲಿನ ಬಣ್ಣ ಹೋದರೆ ಹೋಗಲಿ, ಬಂಪರ್ ಕಳಚಿದರೆ ಕಳಚಲಿ; ಹೊಸ್ತಿಲು ಹೋದರೆ ಮಾತ್ರ ಕಾರು ನಡು ಮುರಿದ ಎತ್ತಿನಂತೆ.

ಮಿಸ್ತ್ರಿ ಅಯಸ್ಕಾಂತವನ್ನು ಬಾಗಿಲ ಮೇಲೆ ಆಡಿಸಿದರು, ಹಿಡಿಯಿತು. ಚಕ್ರದ ಮೇಲಿನ ಕಮಾನಿನಲ್ಲಿ ಜಾರಿ ಬಿದ್ದಿತು. ಅಲ್ಲಿ ಕಬ್ಬಿಣವಿರಲಿಲ್ಲ, ಬಣ್ಣದ ಕೆಳಗೆ ಬರೀ ಪುಟ್ಟಿ. ಹೊಸ್ತಿಲಿನ ಕೆಳಭಾಗಕ್ಕೆ ದಬ್ಬಣ ಒತ್ತಿದರು. ರೊಟ್ಟಿಯನ್ನು ಚುಚ್ಚಿದಂತೆ ಒಳಗೆ ಹೋಯಿತು. ಒಂದು ಅಡಿ ಮುಂದೆ ಮತ್ತೆ ಒತ್ತಿದರು, ಮತ್ತೆ ಹೋಯಿತು. ಎಡಗಡೆ ಹನ್ನೊಂದು ಸಲ ಚುಚ್ಚಿದ್ದರಲ್ಲಿ ಎಂಟು ಸಲ. ನಾನು ಎಣಿಸುತ್ತಿದ್ದೆ, ಒಂಬತ್ತನೆಯದು ಆಗದಿರಲಿ ಎಂದು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಅಲ್ಯೂಮಿನಿಯಂನ ಮೇಲೆ ಮೂಡುವ ಪದರ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಕಬ್ಬಿಣದ ತುಕ್ಕಾದರೋ ಉಬ್ಬಿ, ಬಿರಿದು, ಪುಡಿಯಾಗಿ ಉದುರಿ, ಕೆಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಕೊಡಚಾದ್ರಿಯ ಮೇಲೆ ಮಲೆನಾಡಿನ ಅಷ್ಟೊಂದು ಮಳೆಯಲ್ಲಿ ಹಳೆಯ ಕಾಲದ ಕಬ್ಬಿಣದ ಕಂಬವೊಂದು ಇಂದಿಗೂ ನಿಂತಿದೆಯಲ್ಲ ಎಂದು ನೀವು ಕೇಳಿದರೆ, ಅದು ದಪ್ಪ ಕಂಬ, ಗಾಳಿಯಾಡುವ ಜಾಗದಲ್ಲಿರುವಂಥದು. ಇದು ತೆಳ್ಳನೆಯ ತಗಡು. ಮತ್ತು ಈ ಮನೆಯವರು ತಿಳಿಯದೆ ಮಾಡಿದ್ದ ಒಂದು ಕೆಲಸ ಮಳೆಗಿಂತ ಹೆಚ್ಚು ಹಾನಿ ಮಾಡಿತ್ತು. ಹಲವು ವರ್ಷ ಅವರು ಗೊಬ್ಬರದ ಚೀಲಗಳನ್ನು ಕಾರಿನ ಒಳಗೂ ಡಿಕ್ಕಿಯಲ್ಲಿಯೂ ಇಡುತ್ತಿದ್ದರು. ಇಲಿ ಹೊಕ್ಕರೂ ಕಳ್ಳರು ಹೊಗುವುದಿಲ್ಲವಲ್ಲ! ಪೊಟ್ಯಾಷ್ ಉಪ್ಪಿನ ಜಾತಿಯದು. ಸೋರಿದ ಪುಡಿ ಗಾಳಿಯ ತೇವವನ್ನು ಎಳೆದುಕೊಂಡು ತಗಡಿಗೆ ಅಂಟಿ ಕುಳಿತಿತು. ಕೆಳಗಿನಿಂದ ದನಗಳ ಗಂಜಲ, ಮೇಲಿನಿಂದ ಗೊಬ್ಬರ. ಬಯಲಿನಲ್ಲಿ ಬಿಟ್ಟಿದ್ದರೆ ಬಣ್ಣ ಮಾಸುತ್ತಿತ್ತು, ಆದರೆ ನೆಲ ಇಷ್ಟು ಬೇಗ ಹೋಗುತ್ತಿರಲಿಲ್ಲವೇನೋ.

ಇನ್ನು ಜಾಕ್. ಅದನ್ನಿಟ್ಟು ಎತ್ತಲು ಕಂಪನಿಯವರೇ ಗುರುತಿಸಿದ ಜಾಗಕ್ಕೆ ಒಡ್ಡಿ ಮಿಸ್ತ್ರಿ ಮೆಲ್ಲನೆ ತಿರುಗಿಸಿದರು. ಕಾರು ಏಳಲಿಲ್ಲ, ಒಣ ಎಲೆ ತುಳಿದ ಸದ್ದಿನೊಂದಿಗೆ ಜಾಕ್‌ನ ತಲೆಯೇ ತಗಡಿನೊಳಗೆ ಹೂತುಹೋಯಿತು. ಅವರು ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. ಹೇಳುವ ಕೆಲಸ ನಿಮ್ಮದು ಎಂಬಂತಿತ್ತು ಆ ನೋಟ.

ಆದರೆ ಅದಕ್ಕೂ ಮೊದಲು ಒಳಗಿನ ರಬ್ಬರ್ ಹಾಸನ್ನು ಎತ್ತಿ ನೋಡೋಣವೆಂದೆ. ಹಾಸಿನ ಕೆಳಗೆ ನೆಲ ಗಟ್ಟಿಯಾಗಿ, ಕಪ್ಪಾಗಿ ಕಂಡಿತು. ಕಿರಿಯ ಮಗ ಹಿಗ್ಗಿದ. ಮಿಸ್ತ್ರಿ ಉಳಿಯಿಂದ ಕೆರೆದಾಗ ಡಾಂಬರಿನ ಪದರ ಎದ್ದು, ಅದರ ಕೆಳಗೆ ಒಂದು ಸಪಾಟಾದ ಪತ್ರಾ, ಅಂಚಿಗೆ ಹೊಡೆದ ರಿವೆಟ್ಟುಗಳು ಕಾಣಿಸಿಕೊಂಡವು. ಅದು ಕಾರಿನ ನೆಲವಲ್ಲ. ಹೋದ ನೆಲದ ಮೇಲೆ ಯಾರೋ ಹಾಸಿದ್ದ ಎಣ್ಣೆ ಡಬ್ಬಿಯ ತಗಡು.

“ಅದನ್ನ ನಾನ ಹೊಡಿಸಿದ್ದು.”

ಹಿಂದಿರುಗಿ ನೋಡಿದೆವು. ಕಾಕಾ ಕೋಲೂರಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಹೊತ್ತೂ ಅಲ್ಲಿಯೇ ಇದ್ದರೋ ಏನೋ. “ತೊಂಬತ್ತಾರರಾಗ. ಮಗಳ ಮದುವಿ ಇತ್ತು. ಗಾಡಿ ನಿಲ್ಲಿಸಿದರ ದುಡ್ಡು ಎಲ್ಲಿಂದ? ಪತ್ರಾ ಹೊಡಿಸಿ, ಡಾಂಬರ ಹಚ್ಚಿ, ಮ್ಯಾಲ ಹಾಸಿಗಿ ಹಾಸಿದೆ. ಮೂರು ವರ್ಷ ಮಂದಿನ್ನ ಕೂಡಿಸಿಕೊಂಡು ಅದರ ಮ್ಯಾಲ ಅಡ್ಡಾಡೀನಿ. ಬಸರ ಹೆಂಗಸರು, ಸಣ್ಣ ಹುಡುಗರು. ಒಂದಿನ ನಿಪ್ಪಾಣಿ ದಾರ್ಯಾಗ ತಗ್ಗಿಗೆ ಬಿದ್ದಾಗ ಕೆಳಗ ರಸ್ತಾ ಕಂಡಂಗಾತು. ಮನಿಗೆ ತಂದು ಇಲ್ಲಿ ನಿಲ್ಲಿಸಿದೆ. ಯಾಕ ನಿಲ್ಲಿಸಿದೆ ಅಂತ ಇವರಿಗೆ ಯಾರಿಗೂ ಹೇಳಿಲ್ಲ.”

ಮಕ್ಕಳಿಬ್ಬರೂ ತಂದೆಯ ಮುಖವನ್ನು ನೋಡಲಾರದೆ ಕಾರನ್ನು ನೋಡುತ್ತಿದ್ದರು. ಪಾಪನಿವೇದನೆಯ ಪೀಠದಲ್ಲಿ ಇಷ್ಟು ವರ್ಷ ಕುಳಿತ ನನಗೂ ತಕ್ಷಣ ಮಾತು ಹೊಳೆಯಲಿಲ್ಲ. ಅಲ್ಲಿ ನಡುವೆ ಪರದೆಯಿರುತ್ತದೆ. ಇಲ್ಲಿ ಇದ್ದದ್ದು ಹಗಲು ಬೆಳಕು, ಮಕ್ಕಳು, ಹೊರಗಿನವನಾದ ಒಬ್ಬ ಮಿಸ್ತ್ರಿ.

ಆಮೇಲೆ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಮಿಸ್ತ್ರಿಯ ಅಂದಾಜು ಹೀಗಿತ್ತು: ನೆಲ, ಎರಡೂ ಹೊಸ್ತಿಲು, ಪಾಟಾದ ಬುಡ, ಡಿಕ್ಕಿಯ ತಳ ಇಷ್ಟನ್ನೂ ಕತ್ತರಿಸಿ ತೆಗೆದು, ಹೊಸ ತಗಡನ್ನು ಅಳತೆಗೆ ಬಾಗಿಸಿ ಬೆಸೆಯಬೇಕು. ಅದಕ್ಕೂ ಮೊದಲು ಮೈ ಸೊಟ್ಟಗಾಗದಂತೆ ಬಾಗಿಲುಗಳ ನಡುವೆ ಕಬ್ಬಿಣದ ಆಧಾರ ಕೊಡಬೇಕು. ಬ್ರೇಕು, ವೈರಿಂಗು, ಪೆಟ್ರೋಲ್ ಟ್ಯಾಂಕು ಹೊಸದಾಗಬೇಕು. ಎಂಟು ತಿಂಗಳು, ಐದು ಲಕ್ಷಕ್ಕೆ ಕಡಿಮೆಯಿಲ್ಲ. ಹಿರಿಯ ಮಗ ಲೆಕ್ಕ ಕೇಳಿ ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ. ಅವರ ಮಗಳಿಗೆ ಆ ವರ್ಷ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು.

ಕಿರಿಯವನು ಬಿಡಲಿಲ್ಲ. ಸರ್ಕಾರ 2021ರ ಜುಲೈನಲ್ಲಿ ಹಳೆಯ ಪಾರಂಪರಿಕ ವಾಹನಗಳಿಗಾಗಿ ಹೊಸ ನಿಯಮ ತಂದಿದೆ, ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಎಂಬ ಅಕ್ಷರಗಳಿರುವ ಬೇರೆ ನಂಬರು ಸಿಗುತ್ತದೆ ಎಂದ. ಅವನು ಓದಿಕೊಂಡಿದ್ದು ಸರಿ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅದೇ ನಿಯಮದಲ್ಲಿ ಇನ್ನೆರಡು ಮಾತುಗಳಿವೆ. ಗಾಡಿ ಮೂಲರೂಪದಲ್ಲಿರಬೇಕು, ಮೈಯಲ್ಲಾಗಲಿ ಇಂಜಿನ್ನಿನಲ್ಲಾಗಲಿ ಭಾರೀ ಮಾರ್ಪಾಡು ಆಗಿರಬಾರದು. ಮತ್ತು ಅದನ್ನು ಪ್ರದರ್ಶನಕ್ಕೋ ಹಳೆಯ ಕಾರುಗಳ ಮೆರವಣಿಗೆಗೋ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಸಾಮಾನ್ಯ ನೋಂದಣಿಯನ್ನೇ ನವೀಕರಿಸೋಣವೆಂದರೆ 2022ರ ನಂತರ ಹಳೆಯ ಗಾಡಿಗಳ ಶುಲ್ಕ ಬಹಳ ಏರಿದೆ. ಅದಲ್ಲದೆ ತಪಾಸಣೆಯಲ್ಲಿ ಈ ನೆಲವನ್ನು ಯಾವ ಅಧಿಕಾರಿ ಒಪ್ಪಿಯಾನು? ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹೊಳೆಯುತ್ತ ನಿಂತಿರುವ ಹಳೆಯ ಕಾರುಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವುಗಳ ಹಿಂದೆ ಸೂರು, ಸಿಬ್ಬಂದಿ, ಎಡೆಬಿಡದ ಆರೈಕೆ ಇದೆ.

“ಹಂಗಾದರ ಫಾದರ್, ಮ್ಯಾಲಿನ ಕೆಲಸ ಅಷ್ಟ ಮಾಡಸ್ತೀನ್ರಿ. ಪುಟ್ಟಿ, ಬಣ್ಣ, ಹೊಸ ಸೀಟು. ಒಂದು ಲಕ್ಷದಾಗ ಆಗತೈತಿ. ಮದುವಿ ಮೆರವಣಿಗಿ ಅಂದರ ನಡಿಗಿ ಹಂಗ, ಅದರಾಗ ಏನಾಗತೈತಿ?”

ಇಡೀ ದಿನದಲ್ಲಿ ನಾನು ಖಂಡಿತವಾಗಿ ನುಡಿದದ್ದು ಆಗ ಮಾತ್ರ. ಬೇಡವೆಂದೆ. ನಿನ್ನ ತಂದೆ ಬಡತನಕ್ಕೆ ಸಿಕ್ಕಿ ಮೂರು ವರ್ಷ ಮಾಡಿದ್ದನ್ನು ನೀನು ಲಾಭಕ್ಕಾಗಿ ಮತ್ತೆ ಆರಂಭಿಸಬೇಡ, ಆ ತಗಡಿನ ಮೇಲೆ ಒಬ್ಬ ಮದುಮಗಳನ್ನು ಕೂರಿಸಬೇಡ ಎಂದೆ. ಮಾತು ಬಿರುಸಾಯಿತು. ಅವನು ಎದ್ದು ಹೊರಗೆ ಹೋದ. ತಂದೆಯ ತಪ್ಪನ್ನು ಮಗನ ಮುಂದೆ ಹಾಗೆ ಎತ್ತಿ ಆಡಿದ್ದು ಸರಿಯಲ್ಲವೆಂದು ಆ ರಾತ್ರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಬೇಡವೆಂದದ್ದಕ್ಕೆ ಪಶ್ಚಾತ್ತಾಪವಿಲ್ಲ.

ಮಿಸ್ತ್ರಿಯನ್ನು ಸಂಕೇಶ್ವರಕ್ಕೆ ಬಿಡಲು ಹೋಗುವಾಗ, ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಕೇಳಿದ್ದ ಥೀಸಿಯಸ್‌ನ ಹಡಗಿನ ಪ್ರಶ್ನೆ ನೆನಪಾಯಿತು. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ ಹಳೆಯ ಹಲಗೆ ಒಂದೂ ಉಳಿಯದಿದ್ದರೆ ಅದು ಅದೇ ಹಡಗೇ? ಅವರನ್ನೇ ಕೇಳಿದೆ. ನೆಲ, ಹೊಸ್ತಿಲು, ಡಿಕ್ಕಿ ಎಲ್ಲ ಬದಲಾದ ಮೇಲೆ ಅದು ಅದೇ ಗಾಡಿಯೇ? ಅವರು ಒಂದು ಕ್ಷಣವೂ ಯೋಚಿಸದೆ, “ಚಾಸಿ ನಂಬರ್ ಅದ ಇದ್ದರ ಅದ ಗಾಡಿರಿ” ಎಂದರು. ನಮ್ಮ ಪ್ರಾಧ್ಯಾಪಕರು ಇದಕ್ಕೆ ಒಂದು ಇಡೀ ಅವಧಿಯನ್ನು ತೆಗೆದುಕೊಂಡಿದ್ದರು.

ಮರುದಿನ ಭಾನುವಾರ, ಹೋಗಲಾಗಲಿಲ್ಲ. ಸೋಮವಾರ ಒಬ್ಬನೇ ಹತ್ತರಗಿಗೆ ಹೋಗಿ ಕಾಕಾರ ಬಳಿ ಕುಳಿತೆ. ನನಗೆ ಪಾಲಿಲ್ಲವೆಂದು ನಿಮ್ಮ ಮಗ ನಂಬಿ ಕರೆದದ್ದು, ಅದು ನಿಜವಲ್ಲ ಎಂದೆ. ಹಿಡಕಲ್ಲಿನ ಮಳೆಯ ರಾತ್ರಿಯ ವಿಷಯ ಹೇಳಿದೆ. ಈ ಕಾರು ಉಳಿಯಲಿ ಎಂಬ ಆಸೆಯಿಂದಲೇ ನಾನು ಬಂದದ್ದು, ದಬ್ಬಣ ಒಳಗೆ ಹೋಗದಿದ್ದ ಮೂರು ಜಾಗಗಳನ್ನೇ ಹಿಡಿದುಕೊಂಡು ವಾದ ಮಾಡುವ ಮನಸ್ಸಾಗಿತ್ತು ಎಂದೂ ಹೇಳಿದೆ. ಅವರಿಗೆ ಆ ರಾತ್ರಿ ನೆನಪಿರಲಿಲ್ಲ. ಅಂಥ ಎಷ್ಟು ರಾತ್ರಿಗಳೋ! “ಹುಡುಗಿ ಚೆನ್ನಾಗದಾಳೇನು?” ಎಂದು ಕೇಳಿದರು. ಚೆನ್ನಾಗಿದ್ದಾಳೆ, ಬೆಳಗಾವಿಯಲ್ಲಿ ಶಿಕ್ಷಕಿಯಾಗಿದ್ದಾಳೆ ಎಂದೆ. ತಲೆಯಾಡಿಸಿದರು. ಬಹಳ ಹೊತ್ತಾದ ಮೇಲೆ ತಾವೇ ನಿರ್ಣಯ ಹೇಳಿದರು: “ಪತ್ರಾ ತೂಕಕ್ಕ ಹೋಗಲಿ. ಇಂಜಿನ್ ಚಲೋ ಇದ್ದರ ಅದನ್ನ ಗುಜರಿಗೆ ಹಾಕಬ್ಯಾಡ್ರಿ. ಕಲಿಯೂ ಹುಡುಗರಿಗೆ ಕೊಡ್ರಿ.”

ನನ್ನ ಪರಿಚಯದ ಒಂದು ಐ.ಟಿ.ಐ.ಯವರು ಇಂಜಿನ್ನನ್ನು ತೆಗೆದುಕೊಳ್ಳಲು ಒಪ್ಪಿದರು. ಆದರೆ ಅದು ಚಲೋ ಇದೆಯೇ ಎಂಬುದು ಇನ್ನೂ ತಿಳಿಯಬೇಕಿತ್ತಲ್ಲ. ಹದಿನೈದು ದಿನಗಳ ಬಳಿಕ ಮತ್ತೆ ಸೇರಿದೆವು. ಕಿರಿಯವನೂ ಪುಣೆಯಿಂದ ಬಂದಿದ್ದ. ನನ್ನೊಡನೆ ಹೆಚ್ಚು ಮಾತಾಡಲಿಲ್ಲ, ಆದರೆ ಬೆಳಗಿನಿಂದ ಇಂಜಿನ್ನಿನ ಇಲಿಗೂಡನ್ನೆಲ್ಲ ತೆಗೆದು ಒರೆಸಿ ಇಟ್ಟವನು ಅವನೇ. ಮಿಸ್ತ್ರಿ ಹ್ಯಾಂಡಲ್ ಹಾಕಿ ಅತ್ತಿತ್ತ ಒಂದಿಷ್ಟೇ ಅಲುಗಿಸುತ್ತ ಹೋದರು. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಬೆರಳಿನಷ್ಟು, ಗೇಣಿನಷ್ಟು, ಕೊನೆಗೆ ಒಂದು ಪೂರ್ತಿ ಸುತ್ತು ತಿರುಗಿತು. ಹಳೆಯ ಎಣ್ಣೆ ತೆಗೆದು ಹೊಸದು ಹಾಕಿದರು. ಕಿಡಿ ಹಾರಿಸುವ ಪಾಯಿಂಟುಗಳನ್ನು ಉಜ್ಜಿದರು. ಕಾಯಿಲ್‌ಗೆ ಎರಡು ಹೊಸ ವೈರು ಎಳೆದು ಟ್ರ್ಯಾಕ್ಟರಿನ ಬ್ಯಾಟರಿಗೆ ಜೋಡಿಸಿದರು. ಟ್ಯಾಂಕ್ ತುಕ್ಕಿನ ಪುಡಿಯಿಂದ ತುಂಬಿದ್ದರಿಂದ, ಪೆಟ್ರೋಲ್ ತುಂಬಿದ ಒಂದು ಬಾಟಲಿಯನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿ ಕಾರ್ಬೊರೇಟರಿಗೆ ನಳಿಗೆ ಕೊಟ್ಟರು. ಆಸ್ಪತ್ರೆಯಲ್ಲಿ ರೋಗಿಗೆ ಹಚ್ಚಿದಂತೆ. ನೀರಿಲ್ಲದೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸುವುದಿಲ್ಲವೆಂದು ಮೊದಲೇ ಹೇಳಿದರು.

ಕಾಕಾರನ್ನು ಹೊರಸಿನ ಮೇಲೆ ಕೂರಿಸಿದ್ದೆವು. ಆಕಳನ್ನು ಬೆದರದಂತೆ ಹೊರಗೆ ಕಟ್ಟಿದ್ದರು.

ಹ್ಯಾಂಡಲ್ ತಿರುಗಿಸಿದವನು ಕಿರಿಯ ಮಗ. ಆರು ಸಲ, ಏಳು ಸಲ. ಎಂಟನೆಯ ಸಲಕ್ಕೆ ಕಾರು ಒಮ್ಮೆ ಕೆಮ್ಮಿತು. ಮತ್ತೆ ತಿರುಗಿಸಿದ. ಕೊಟ್ಟಿಗೆಯೆಲ್ಲ ಬಿಳಿಯ ಹೊಗೆಯಿಂದ ತುಂಬಿ, ತಗಡಿನ ಮಾಡು ಅದುರುವಂಥ ಸದ್ದಿನೊಂದಿಗೆ ಇಂಜಿನ್ ಹೊತ್ತಿಕೊಂಡಿತು. ಮನೆಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಾನು ಕಾಕಾರ ಕಡೆಗೆ ನೋಡಿದೆ. ಅವರು ಕಣ್ಣು ಮುಚ್ಚಿ, ಒಂದು ಕಿವಿಯನ್ನು ಮುಂದಕ್ಕೆ ವಾಲಿಸಿ ಕೇಳುತ್ತಿದ್ದರು. ಅವರು ಅಳುತ್ತಾರೆಂದು ನಾನು ಅಂದುಕೊಂಡಿದ್ದೆ.

“ಮೂರನೇದು ಹೊಡಿಯಾಕತ್ತಿಲ್ಲ” ಎಂದರು.

ಮಿಸ್ತ್ರಿ ಇಂಜಿನ್ ನಿಲ್ಲಿಸಿ ಮೂರನೆಯ ಪ್ಲಗ್ಗನ್ನು ಬಿಚ್ಚಿ ತೆಗೆದರು. ಅದು ಎಣ್ಣೆಯಿಂದ ತೊಯ್ದು, ತಣ್ಣಗಿತ್ತು.